ಬಿಡದ ಜ್ವರ: ವೈದ್ಯರಿಗೆ ತಿಳಿಸಬೇಕಾದ ಸಂಗತಿ

3 ವಾರ ಕಳೆದರೂ ಬಿಡದ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲುಗಳ ನೋವು. ಟೈಫಾಯ್ಡ್, ಮಲೇರಿಯಾ ಪರೀಕ್ಷೆಗಳಲ್ಲಿ ಏನೂ ಕಾಣದು. ಆಗ ನಾವು ವೈದ್ಯರಿಂದ ವೈದ್ಯರಿಗೆ ಅಲೆಯುತ್ತೇವೆ; ನಮ್ಮ ದಿನಚರಿಯನ್ನು ಮಾತ್ರ ತಿಳಿಸುವುದಿಲ್ಲ.

ದನಕರುಗಳೊಡನೆ ಬಾಳುವ ನಮ್ಮ ಮನೆಗಳಲ್ಲಿ, ಕ್ಷಯದಂತೆಯೇ ಬ್ರುಸೆಲ್ಲೋಸಿಸ್ ಕೂಡ ಇದಕ್ಕೆ ಕಾರಣವಾಗಿರಬಹುದು. ಕಾಯಿಸದ ಹಾಲಿನಿಂದಲೂ, ಗರ್ಭಪಾತವಾದ ಹಸುವಿನ ಮಾಸನ್ನು ಬರಿಗೈಯಿಂದ ಮುಟ್ಟುವುದರಿಂದಲೂ ಇದರ ರೋಗಾಣು ದೇಹವನ್ನು ಸೇರುತ್ತದೆ. ಇದನ್ನು ಗುರುತಿಸಲು ಪ್ರತ್ಯೇಕ ರಕ್ತಪರೀಕ್ಷೆ ಬೇಕು. ಸಂಶಯ ಮೂಡದ ಹೊರತು ವೈದ್ಯರು ಅದನ್ನು ಸೂಚಿಸಲಾರರು.

ಆದುದರಿಂದ ಕೊಟ್ಟಿಗೆಯ ಕೆಲಸ, ಕುಡಿದ ಹಾಲು, ಜ್ವರ ಬಂದ ದಿನಗಳು, ಹಳೆಯ ವರದಿಗಳು ಇವೆಲ್ಲವನ್ನೂ ಒಬ್ಬರೇ ವೈದ್ಯರ ಮುಂದಿಡೋಣ. ರೋಗ ಖಚಿತವಾದರೆ ಸಾಮಾನ್ಯವಾಗಿ 6 ವಾರಗಳ ಔಷಧೋಪಚಾರವಿರುತ್ತದೆ. ಜ್ವರ ಇಳಿಯಿತೆಂದು ನಡುವೆ ಬಿಟ್ಟರೆ ಮರುಕಳಿಸೀತು. ಹಾಲನ್ನು ಕುದಿಸಿಯೇ ಸೇವಿಸೋಣ.