ಆ ತಾಯಿಯ ಮೂವತ್ತೊಂಬತ್ತು ವರ್ಷಗಳು

ನಿಮ್ಮ ಧರ್ಮಕೇಂದ್ರದಲ್ಲಿ ಒಬ್ಬ ತಾಯಿ ತೀರಿಕೊಂಡಾಗ, ಮೂವತ್ತನೆಯ ದಿನದ ಪೂಜೆ ಮುಗಿಸಿ ಹೊರಬಂದ ಜನ ಏನು ಮಾತಾಡಿಕೊಳ್ಳುತ್ತಾರೆಂದು ಗಮನಿಸಿದ್ದೀರಾ? "ಪಾಪ, ಕೊನೆಗಾಲದಲ್ಲಿ ಬಹಳ ನರಳಿದರು" ಎನ್ನುತ್ತಾರೆ. ಆಕೆ ಮಳೆ ಚಳಿಯೆನ್ನದೆ ಬೆಳಗಿನ ಪೂಜೆಗೆ ಬಂದದ್ದು, ನೆರೆಮನೆಯ ಬಾಣಂತಿಯನ್ನು ನೋಡಿಕೊಂಡದ್ದು, ಹಬ್ಬಕ್ಕೆ ಮುಂಚೆ ಗುಡಿಯ ನೆಲ ತೊಳೆದದ್ದು ಮಾತಿಗೆ ಬರುವುದು ಅಪರೂಪ.

ಏಪ್ರಿಲ್ 28ರಂದು ನಾವು ಸ್ಮರಿಸುವ ಸಂತ ಜಿಯಾನ್ನ ಬೆರೆಟ್ಟಾ ಮೊಲ್ಲಾ ಅವರಿಗೂ ಹೀಗೆಯೇ ಆಗಿದೆ. 'ಮಗುವಿಗಾಗಿ ಪ್ರಾಣ ಕೊಟ್ಟ ತಾಯಿ' ಎಂದಷ್ಟೇ ಬಹಳ ಜನ ಬಲ್ಲರು. ಅದು ನಿಜವೇ. ಆದರೆ ಅದು ಕೊನೆಯ ಏಳೆಂಟು ತಿಂಗಳ ಮಾತು. ಅದಕ್ಕೆ ಮುಂಚಿನ ಮೂವತ್ತೆಂಟು ವರ್ಷಗಳನ್ನು ಬಿಟ್ಟರೆ ಆ ತಿಂಗಳುಗಳು ಅರ್ಥವಾಗುವುದಿಲ್ಲ.

ಜಿಯಾನ್ನ ಹುಟ್ಟಿದ್ದು 1922ರಲ್ಲಿ, ಇಟಲಿಯ ಮಿಲಾನ್ ಬಳಿಯ ಮಜೆಂತದಲ್ಲಿ. ಹದಿಮೂರು ಮಕ್ಕಳಲ್ಲಿ ಹತ್ತನೆಯವಳು. ಐದೂವರೆ ವರ್ಷಕ್ಕೆ ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಮೇಲೆ ದಿನವೂ ತಾಯಿಯ ಜೊತೆ ಪೂಜೆಗೆ ಹೋಗುವುದು ರೂಢಿಯಾಯಿತು. ಆ ತಾಯಿ 1942ರಲ್ಲಿ ತೀರಿಕೊಂಡರು. ಕೆಲವೇ ತಿಂಗಳಲ್ಲಿ ತಂದೆಯೂ ಹೋದರು. ಆ ವರ್ಷವೇ ಜಿಯಾನ್ನ ವೈದ್ಯಕೀಯ ಓದಿಗೆ ಸೇರಿದರು. 1949ರಲ್ಲಿ ಪದವಿ ಪಡೆದು, ಮರುವರ್ಷ ಮೆಸೆರೊ ಎಂಬ ಊರಿನಲ್ಲಿ ಚಿಕಿತ್ಸಾಲಯ ತೆರೆದರು. 1952ರಲ್ಲಿ ಮಕ್ಕಳ ವೈದ್ಯರಾದರು. ಜೊತೆಜೊತೆಗೆ ಕಥೋಲಿಕ ಸಂಘಟನೆಯಲ್ಲಿ ಹೆಣ್ಣುಮಕ್ಕಳಿಗೆ ಮಾರ್ಗದರ್ಶನ, ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಮೂಲಕ ವೃದ್ಧರ, ಬಡವರ ಸೇವೆ. ಬ್ರೆಜಿಲ್‌ನಲ್ಲಿ ಕಪುಚಿನ್ ಗುರುವಾಗಿದ್ದ ಅಣ್ಣನಿಗೆ ನೆರವಾಗಲು ಹೋಗಬೇಕೆಂಬ ಆಸೆಯಿತ್ತು, ದೇಹಸ್ಥಿತಿ ಒಪ್ಪಲಿಲ್ಲ. 1955ರಲ್ಲಿ ಎಂಜಿನಿಯರ್ ಪಿಯೆತ್ರೊ ಮೊಲ್ಲಾ ಅವರನ್ನು ಮದುವೆಯಾದರು. 1959ರ ಹೊತ್ತಿಗೆ ಮೂರು ಮಕ್ಕಳು. ವೈದ್ಯ ವೃತ್ತಿ ಬಿಡಲಿಲ್ಲ. ತಾಯಂದಿರ ಮತ್ತು ಶಿಶುಗಳ ಆರೋಗ್ಯ ಕೇಂದ್ರವೊಂದರ ಹೊಣೆಯನ್ನೂ ಹೊತ್ತರು.

ಹಾಗೆಂದು ಸದಾ ಮುಖ ಬಿಗಿದುಕೊಂಡಿದ್ದವರಲ್ಲ. ಹಿಮದ ಮೇಲೆ ಜಾರುವ ಆಟ, ಸಂಗೀತ, ಒಳ್ಳೆಯ ಉಡುಪು ಎಲ್ಲವೂ ಇಷ್ಟ. (ಹೊಸ ಸೀರೆ ಉಟ್ಟವಳ ಭಕ್ತಿಯನ್ನು ಅಳೆಯುವವರು ನಮ್ಮಲ್ಲೂ ಇದ್ದಾರಲ್ಲವೇ!)

1961ರಲ್ಲಿ ನಾಲ್ಕನೆಯ ಬಾರಿ ಗರ್ಭಿಣಿಯಾದಾಗ, ಎರಡನೆಯ ತಿಂಗಳಲ್ಲಿ ಗರ್ಭಕೋಶದಲ್ಲಿ ಗೆಡ್ಡೆ ಕಾಣಿಸಿತು. ಇಲ್ಲಿ ಒಂದು ವಿಷಯವನ್ನು ಸರಿಯಾಗಿ ತಿಳಿಯಬೇಕು. ಮಗುವನ್ನೇ ಉದ್ದೇಶಪೂರ್ವಕವಾಗಿ ಕೊಲ್ಲುವುದನ್ನು ಧರ್ಮಸಭೆ ಎಂದೂ ಒಪ್ಪದು. ಆದರೆ ತಾಯಿಯ ಪ್ರಾಣ ಉಳಿಸಲು ರೋಗಪೀಡಿತ ಗರ್ಭಕೋಶವನ್ನು ತೆಗೆಯಲೇಬೇಕಾದಾಗ, ಯಾರೂ ಬಯಸದೆಯೂ ಮಗು ಉಳಿಯದೆ ಹೋದರೆ, ಅದನ್ನು ಪಾಪವೆನ್ನುವುದಿಲ್ಲ. ಜಿಯಾನ್ನ ಆ ದಾರಿಯನ್ನೂ ಹಿಡಿಯದೆ, ಗೆಡ್ಡೆಯನ್ನು ಮಾತ್ರ ತೆಗೆಯುವ, ತನಗೆ ಹೆಚ್ಚು ಅಪಾಯದ ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಂಡರು. ಅದು ಕಟ್ಟಳೆಯಲ್ಲ, ಆಕೆಯೇ ಮನಸಾರೆ ಕೊಟ್ಟ ಕೊಡುಗೆ.

ಸಾಯಬೇಕೆಂದು ಆಕೆ ಬಯಸಲಿಲ್ಲ. ಮನೆಯಲ್ಲಿ ಮೂರು ಪುಟ್ಟ ಮಕ್ಕಳಿದ್ದರು. ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಕೆಲಸಕ್ಕೆ ಹೋದರು. ಆದ್ದರಿಂದ ಕಷ್ಟದಲ್ಲಿರುವ ಗರ್ಭಿಣಿಗೆ "ಸಂತ ಜಿಯಾನ್ನಳ ಹಾಗೆ ಸಹಿಸಿಕೋ" ಎಂದು ಹೇಳಿ ಆಸ್ಪತ್ರೆಗೆ ಕರೆದೊಯ್ಯಲು ತಡಮಾಡುವವರು ಈ ಸಂತಳನ್ನು ಅರಿತಿಲ್ಲ. ಸ್ವತಃ ವೈದ್ಯೆಯಾಗಿದ್ದ ಆಕೆ ಚಿಕಿತ್ಸೆಯನ್ನು ಬೇಡವೆನ್ನಲಿಲ್ಲ. ತನ್ನ ಮತ್ತು ಮಗುವಿನ ಪ್ರಾಣದ ನಡುವೆ ಆರಿಸಲೇಬೇಕಾದರೆ ಮಗುವನ್ನು ಉಳಿಸಿ ಎಂದು ಹೇಳಿಟ್ಟಿದ್ದರು, ಅಷ್ಟೇ.

1962ರ ಪವಿತ್ರ ಶನಿವಾರ, ಏಪ್ರಿಲ್ 21ರಂದು, ಹೆಣ್ಣುಮಗು ಹುಟ್ಟಿತು. ಹೊಟ್ಟೆಯೊಳಗೆ ಸೋಂಕು ತಗಲಿ, ಒಂದು ವಾರದಲ್ಲಿ ತಾಯಿ ತೀರಿಕೊಂಡರು. ಆಗ ಮೂವತ್ತೊಂಬತ್ತು ವರ್ಷ.

1994ರಲ್ಲಿ ಪುನೀತ ಪದವಿ, 2004ರ ಮೇ 16ರಂದು ಸಂತ ಪದವಿ. ಎರಡನ್ನೂ ಘೋಷಿಸಿದವರು ಜಗದ್ಗುರು ಎರಡನೆಯ ಜಾನ್ ಪಾಲ್. ಒಬ್ಬ ಸಂತಳ ಜೊತೆ ಸಂಸಾರ ಮಾಡುತ್ತಿದ್ದೇನೆಂದು ತನಗೆ ಹೊಳೆದೇ ಇರಲಿಲ್ಲ ಎಂದು ಪಿಯೆತ್ರೊ ಹೇಳುತ್ತಿದ್ದರು. ಸಂತ ಪದವಿಯ ದಿನ ರೋಮಿನಲ್ಲಿ ತೊಂಬತ್ತೊಂದರ ಪ್ರಾಯದ ಆ ಗಂಡನೂ, ವೈದ್ಯೆಯಾಗಿ ಬೆಳೆದಿದ್ದ ಆ ಕಿರಿಯ ಮಗಳೂ ಇದ್ದರು.