ಮಕ್ಕಳನ್ನು ಶಾಲೆಗೆ ಕಳಿಸೋದಾ, ಬೇಡವಾ?
(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು)



ಕೊರೊನಾ ಕಾಲವನ್ನು ನಾವ್ಯಾರೂ ಮರೆತಿಲ್ಲ. 2020ರ ಮಾರ್ಚ್‌ನಲ್ಲಿ ಮುಚ್ಚಿದ 1ರಿಂದ 5ನೇ ತರಗತಿಗಳು ನಮ್ಮ ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಸುಮಾರು 19 ತಿಂಗಳು. ಶಾಲೆ ತೆರೆದಾಗ ಪೋಷಕರ ಒಪ್ಪಿಗೆ ಪತ್ರ ಕೇಳಿದರು. ಸಹಿ ಹಾಕೋದಾ, ಬೇಡವಾ ಎಂದು ಎಷ್ಟೋ ತಾಯಂದಿರು ನಿದ್ದೆ ಕೆಟ್ಟರು. ಮುಂದೆ ಇಂಥ ಕಾಲ ಮತ್ತೆ ಬಂದರೆ ಹೇಗೆ ನಿರ್ಧರಿಸಬೇಕು? ಈಗಲೇ ಯೋಚಿಸೋಣ.

ತಕ್ಕಡಿಗೆ ಎರಡು ತಟ್ಟೆ

ರೋಗದ ಭಯ ಕಣ್ಣಿಗೆ ಕಾಣುತ್ತದೆ. ಮನೆಯಲ್ಲಿ ಕುಳಿತ ಮಗುವಿನ ನಷ್ಟ ಕಾಣುವುದಿಲ್ಲ. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿತು. 100ರಲ್ಲಿ 92 ಮಕ್ಕಳು ಹಿಂದಿನ ವರ್ಷ ಕಲಿತಿದ್ದ ಭಾಷೆಯ ಒಂದಾದರೂ ಕೌಶಲ ಮರೆತಿದ್ದರು. ಲೆಕ್ಕದಲ್ಲಿ ಹೀಗೆ ಮರೆತವರು 82 ಮಕ್ಕಳು. ಬಿಸಿಯೂಟದ ತಟ್ಟೆಯೂ ತಪ್ಪಿತು. ದೊಡ್ಡ ಮಕ್ಕಳಿಗೆ ಕೂಲಿಯ ದಾರಿ, ಹೆಣ್ಣುಮಕ್ಕಳಿಗೆ ಮದುವೆಯ ಮಾತು ಹತ್ತಿರವಾಯಿತು.

ನಿರ್ಧರಿಸುವ ಮೊದಲು ಕೇಳಬೇಕಾದ್ದು

1. ಈ ರೋಗ ಯಾರಿಗೆ ಹೆಚ್ಚು ಅಪಾಯ? ಕೋವಿಡ್ ಹೆಚ್ಚಿನ ಮಕ್ಕಳಿಗೆ ಹಗುರವಾಗಿ ಬಂದು ಹೋಯಿತು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಕಷ್ಟವಾಯಿತು. ಎಲ್ಲ ರೋಗವೂ ಹಾಗೇ ಇರುತ್ತದೆ ಎನ್ನಲಾಗದು. ಮೊಬೈಲಿನಲ್ಲಿ ಬಂದ ಸುದ್ದಿ ನಂಬದೆ ಆಶಾ ಕಾರ್ಯಕರ್ತೆಯನ್ನು, ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ.
2. ಮನೆಯಲ್ಲಿ ಅಜ್ಜ, ಅಜ್ಜಿ, ಕಾಯಿಲೆಯವರು ಇದ್ದಾರೆಯೇ? ಅವರಿಗೆ ಲಸಿಕೆ ಆಗಿದೆಯೇ? ಮಲಗಲು ಬೇರೆ ಜಾಗ ಮಾಡಬಹುದೇ?
3. ಶಾಲೆಯಲ್ಲಿ ಕಿಟಕಿ ತೆರೆಯುತ್ತದೆಯೇ? ಕೈ ತೊಳೆಯಲು ನೀರು, ಸೋಪು ಇದೆಯೇ? ಎಸ್.ಡಿ.ಎಂ.ಸಿ. ಸಭೆಗೆ ಹೋಗಿ ಕಣ್ಣಾರೆ ನೋಡಿ.
4. ಮಗು ಮನೆಯಲ್ಲಿದ್ದರೆ ದಿನವಿಡೀ ಏನು ಮಾಡುತ್ತದೆ? ಓದುತ್ತದೆಯೋ, ದುಡಿಯುತ್ತದೆಯೋ?

‘ಸದ್ಯಕ್ಕೆ ಬೇಡ’ ಎಂದರೆ ಎಲ್ಲಿಯವರೆಗೆ?

ಕಳಿಸದಿರುವುದೂ ಒಂದು ನಿರ್ಧಾರವೇ. ಮನೆಯಲ್ಲಿ ಕಾಯಿಲೆಯವರಿದ್ದು ಸ್ವಲ್ಪ ದಿನ ಬೇಡ ಎಂದರೆ ತಪ್ಪಲ್ಲ. ಆದರೆ ಸಾಲಕ್ಕೆ ಕಂತಿನ ದಿನ ಇರುವ ಹಾಗೆ ಇದಕ್ಕೂ ಒಂದು ದಿನ ಗೊತ್ತುಮಾಡಿ. ‘ಹದಿನೈದು ದಿನ ಬಿಟ್ಟು ಮತ್ತೆ ನೋಡೋಣ’ ಎಂದು ಸಂಘದಲ್ಲಿ ಹೇಳಿ, ಪುಸ್ತಕದಲ್ಲಿ ಬರೆಸಿ. ದಿನ ಗೊತ್ತಿಲ್ಲದ ‘ಸದ್ಯಕ್ಕೆ ಬೇಡ’ ಹೆಣ್ಣುಮಗುವಿನ ಪಾಲಿಗೆ ‘ಇನ್ನು ಸಾಕು’ ಆಗಿಬಿಡುತ್ತದೆ. ತಮ್ಮ ಶಾಲೆಗೆ, ಅಕ್ಕ ಒಲೆಯ ಮುಂದೆ ಎಂಬ ಲೆಕ್ಕ ಬೇಡ. ಇಬ್ಬರೂ ದೇವರು ಕೊಟ್ಟ ಮಕ್ಕಳೇ.

ಬಿಟ್ಟ ಮಗು ಮರಳಬಹುದು

2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಗು ಮಧ್ಯದಲ್ಲಿ ಶಾಲೆ ಬಿಟ್ಟಿದ್ದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಬಹುದು. ಟಿ.ಸಿ. ತಡವಾಯಿತೆಂದು ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಬಾಲ್ಯವಿವಾಹ, ಬಾಲಕಾರ್ಮಿಕತೆ ಕಂಡರೆ 1098ಕ್ಕೆ ಫೋನ್ ಮಾಡಿ.

ಚರ್ಚೆಗೆ

* ಕೊರೊನಾ ಸಮಯದಲ್ಲಿ ನಮ್ಮ ಊರಿನಲ್ಲಿ ಶಾಲೆ ಬಿಟ್ಟು ಮತ್ತೆ ಹೋಗದವರು ಯಾರು? ಈಗ ಏನು ಮಾಡುತ್ತಿದ್ದಾರೆ?
* ನಮ್ಮ ಮನೆಗಳಲ್ಲಿ ಈ ನಿರ್ಧಾರ ಮಾಡಿದವರು ಯಾರು? ತಾಯಿಯ ಮಾತು, ಮಗುವಿನ ಮಾತು ಕೇಳಿದರೇ?
* ಶಾಲೆ ಬಿಟ್ಟ ಒಂದು ಮಗುವಿನ ಮನೆಗೆ ಈ ವಾರ ಯಾರು ಹೋಗಿ ಬರುತ್ತೀರಿ?