ಕಾರಿನಡಿಗೆ ನಲ್ಲಿ ಹಾಕಿಸುವ ಮುಂಚೆ

ಕಾರಿನ ಆಯಿಲ್ ನಾನೇ ಬದಲಿಸಿಕೊಳ್ಳುತ್ತೇನೆ ಅಂತ ನೀವು ಹೊರಟರೆ ಬೇಡ ಎನ್ನುವವಳು ನಾನಲ್ಲ. ಧರ್ಮಸ್ಥಳದ ಆಚೀಚಿನ ಹಳ್ಳಿಯಿಂದ ಉಜಿರೆಗೋ ಬೆಳ್ತಂಗಡಿಗೋ ಹೋಗಿ, ಗ್ಯಾರೇಜಿನ ಬೆಂಚಿನ ಮೇಲೆ ಅರ್ಧ ದಿನ ಕೂರುವುದು ಯಾರಿಗೆ ಬೇಕು ಮಾರಾಯ್ರೇ? ಆದರೆ ಕೆಲಸ ಸುಲಭವಾಗಲಿ ಎಂದು ಡ್ರೇನ್ ಬೋಲ್ಟಿನ ಜಾಗಕ್ಕೆ ವಾಲ್ವ್ ತರಿಸುವ ಮುಂಚೆ ನನ್ನ ನಾಲ್ಕು ಮಾತು ಕೇಳಿಸಿಕೊಳ್ಳಿ.

ಈ ವಾಲ್ವ್ ಅಂದರೆ ಎಂಜಿನ್ನಿನಡಿಯ ಆಯಿಲ್ ಚೇಂಬರಿನ ಡ್ರೇನ್ ಬೋಲ್ಟ್ ಬಿಚ್ಚಿ ಅದೇ ಥ್ರೆಡ್ಡಿಗೆ ಕೂರಿಸುವ ಪುಟ್ಟ ನಲ್ಲಿ. ಜಪಾನಿನ ಫುಮೊಟೊ ಕಂಪನಿಯದು ಹೆಸರುವಾಸಿ. ಅದರ ಹಿಡಿಯನ್ನು ಮೊದಲು ಕಚ್ಚಿನಿಂದ ಎತ್ತಿ, ಆಮೇಲೆ ಕಾಲು ಸುತ್ತು ತಿರುಗಿಸಬೇಕು. ಹಾಗಾಗಿ ಓಡುವಾಗ ಸುಮ್ಮನೆ ತೆರೆದುಕೊಳ್ಳುವುದಿಲ್ಲ. ಮೂತಿ ಇರುವ ಮಾದರಿಗೆ ಪೈಪ್ ಸಿಕ್ಕಿಸಿದರೆ ಆಯಿಲ್ ನೇರ ಕ್ಯಾನಿಗೇ ಇಳಿಯುತ್ತದೆ, ಮೊಣಕೈವರೆಗೆ ಕಪ್ಪು ಮೆತ್ತಿಕೊಳ್ಳುವ ರಗಳೆ ಇಲ್ಲ. ಎಂಜಿನ್ನಿಗೆ ನಲ್ಲಿ ಇಡುವುದು ಹೊಸ ಉಪಾಯವೂ ಅಲ್ಲ: 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಆಯಿಲ್ ಮಟ್ಟ ನೋಡಲು ಅಡಿಯಲ್ಲಿ ಎರಡು ನಲ್ಲಿಗಳೇ ಇದ್ದವು. ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋಗಿ ಹಳೇ ಕಾರುಗಳ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತೀರಿ. ನಿಮ್ಮದೇ ಕಾರಿನ ಡಿಪ್‌ಸ್ಟಿಕ್ ಎಳೆದು ನೋಡಿ ಎಷ್ಟು ತಿಂಗಳಾಯಿತು ಹೇಳಿ ನೋಡುವಾ?

ನನ್ನ ಕೇಳಿದರೆ ವಾಲ್ವಿನ ದೊಡ್ಡ ಲಾಭ ಕೈ ಕೊಳೆಯಾಗದ್ದಲ್ಲ, ಥ್ರೆಡ್ ಉಳಿಯುವುದು. ಈಗಿನ ಅನೇಕ ಕಾರುಗಳ ಚೇಂಬರ್ ಅಲ್ಯೂಮಿನಿಯಂನದು. ಪ್ರತಿ ಸಲ ಬೋಲ್ಟ್ ಬಿಚ್ಚಿ, ಸೋರೀತೆಂಬ ಹೆದರಿಕೆಗೆ ಇನ್ನೊಂದು ಸುತ್ತು ಎಂದು ಬಿಗಿದರೆ ಥ್ರೆಡ್ ಕಿತ್ತು ಬರುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ವಾಲ್ವ್ ಒಮ್ಮೆ ಸರಿಯಾಗಿ ಕೂತಿತೆಂದರೆ ಆ ಥ್ರೆಡ್ಡಿನ ತಂಟೆಗೆ ಹೋಗುವ ಪ್ರಮೇಯವೇ ಇಲ್ಲ.

ಇನ್ನು ಬೈಗುಳ. ನಿಮ್ಮ ಮನೆಗೆ ಹೋಗುವ ದಾರಿ ಹೇಗಿದೆ? ತೋಟದ ನಡುವಿನ ಮಣ್ಣು ರಸ್ತೆ, ಮಳೆಗೆ ಎದ್ದು ನಿಂತ ಮುರಕಲ್ಲು, ಗೇಟಿನ ಮುಂದೊಂದು ಏರು, ಡಾಂಬರಿಗೆ ಬಂದರೆ ಹೆಜ್ಜೆಗೊಂದು ಹಂಪ್. ಬೋಲ್ಟಿಗಿಂತ ವಾಲ್ವ್ ಉದ್ದ, ಅಷ್ಟು ಕೆಳಗೆ ಇಳಿಯುತ್ತದೆ. ಒಂದು ಕಲ್ಲು ಅದಕ್ಕೆ ಬಡಿದು ಮುರಿದರೆ ಆಯಿಲ್ ಪೂರ್ತಿ ರಸ್ತೆ ಪಾಲು. ಕೆಂಪು ದೀಪ ಕಂಡರೂ ಮನೆ ಇಲ್ಲೇ ಅಲ್ಲವಾ ಎಂದು ಓಡಿಸಿದಿರೋ, ಎಂಜಿನ್ ಸೀಜ್ ಆಯಿತೆಂದೇ ಲೆಕ್ಕ. ಅದಕ್ಕೇ ಮೊದಲು ಬಗ್ಗಿ ನೋಡಿ. ಬೋಲ್ಟ್ ಪಕ್ಕಕ್ಕೋ ಹಿಂದಕ್ಕೋ ಮುಖ ಮಾಡಿ, ಚೇಂಬರಿನ ತಳಕ್ಕಿಂತ ಮೇಲಿದ್ದರೆ ಅಥವಾ ಕೆಳಗೆ ಗಟ್ಟಿ ಗಾರ್ಡ್ ಇದ್ದರೆ ಧಾರಾಳ ಹಾಕಿಸಿ. ನೆಟ್ಟಗೆ ನೆಲ ನೋಡುತ್ತಿದ್ದರೆ ಆಸೆ ಬಿಟ್ಟುಬಿಡಿ. ಹಳೇ ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್ ಹಾಕಿದರೆ ಸಾಕು. ವಾರಂಟಿ ಇರುವ ಕಾರಿನ ತಂಟೆಗೂ ಹೋಗಬೇಡಿ.

ಅಳತೆಯಲ್ಲಿ ಅಂದಾಜು ಬೇಡ. ಹೋಂಡಾ, ಹ್ಯುಂಡೈಗಳ ಅನೇಕ ಮಾದರಿಗಳಲ್ಲಿ ಬೋಲ್ಟ್ 14 ಮಿ.ಮೀ., ಥ್ರೆಡ್ ಅಂತರ 1.5, ಟೊಯೊಟಾದ ಅನೇಕ ಮಾದರಿಗಳಲ್ಲಿ 12 ಮಿ.ಮೀ., ಥ್ರೆಡ್ 1.25. ನಿಮ್ಮ ಕಾರಿನ ಮಾದರಿ, ವರ್ಷ ಎರಡನ್ನೂ ಹೇಳಿಯೇ ತರಿಸಿ. ಕೈಯಲ್ಲಿ ಸಲೀಸಾಗಿ ತಿರುಗದ್ದನ್ನು ಸ್ಪ್ಯಾನರಿನಲ್ಲಿ ಒತ್ತಿ ತೂರಿಸಬೇಡಿ.

ವಾಲ್ವ್ ಕೂರಿಸುವ ದಿನ ಕಾರಿನಡಿಗೆ ಹೋಗಲೇಬೇಕಲ್ಲ, ನನಗೆ ಹೆದರಿಕೆ ಅಲ್ಲೇ. ಕಾರಿನ ಜತೆ ಬರುವ ಜಾಕ್ ಟಯರ್ ಬದಲಿಸಲಿಕ್ಕೆ, ಅದನ್ನು ನಂಬಿ ಅಡಿಯಲ್ಲಿ ಮಲಗಲಿಕ್ಕಲ್ಲ. ಅಂಗಳದ ಮೂಲೆಯಲ್ಲಿದ್ದ ಕೆಂಪು ಕಲ್ಲು ಎರಡು ಒಟ್ಟಿ ಕಾರು ನಿಲ್ಲಿಸುತ್ತೀರಲ್ಲ, ಅದು ಯಾವಾಗ ಬಿರುಕು ಬಿಡುತ್ತದೆಂದು ನಿಮಗೆ ಹೇಳಿ ಬಿಡುತ್ತದೆಯೇ? ಸಮತಟ್ಟು ಕಾಂಕ್ರೀಟ್ ನೆಲ, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಅಡ್ಡಗಟ್ಟೆ, ಗಟ್ಟಿ ಜಾಕ್ ಸ್ಟ್ಯಾಂಡ್, ಮನೆಯಲ್ಲಿ ಇನ್ನೊಬ್ಬರು. ಇಷ್ಟಿಲ್ಲದಿದ್ದರೆ ಆ ಒಂದು ದಿನ ಗ್ಯಾರೇಜಿಗೇ ಹೋಗಿ. ಮತ್ತೆ, ಅಡಿಕೆ ಒಣಗುವ ಅಂಗಳದಲ್ಲಿ ಈ ಕೆಲಸ ಇಟ್ಟುಕೊಂಡರೆ ಮನೆಯವರ ಬಾಯಿಂದ ನಿಮ್ಮನ್ನು ನಾನೂ ಉಳಿಸಲಾರೆ.

ವಾಲ್ವ್ ಕೂತ ಮೇಲೆ ಆಯಿಲ್ ಬದಲಿಸುವ ದಿನ ಎಂಜಿನ್ ಐದು ನಿಮಿಷ ಓಡಿಸಿ ನಿಲ್ಲಿಸಿ. ಆಯಿಲ್ ಬೆಚ್ಚಗಿರಲಿ, ಸುಡುವಂತಿರುವುದು ಬೇಡ. ಮೇಲಿನ ಮುಚ್ಚಳ ತೆಗೆದು, ಆಮೇಲೆ ವಾಲ್ವ್ ತಿರುಗಿಸಿ. ಕಿರಿದಾದ ದಾರಿ, ಇಳಿಯಲು ಹೊತ್ತು ಹಿಡಿಯುತ್ತದೆ, ತಳದಲ್ಲಿ ಒಂಚೂರು ಉಳಿಯಲೂಬಹುದು. ಆತುರಗಾರನಿಗೆ ಬುದ್ಧಿ ಮಟ್ಟ. ವಾಲ್ವ್ ಬಂತೆಂದು ಫಿಲ್ಟರ್ ಮರೆಯಬೇಡಿ. ಹೊಸ ಆಯಿಲ್ ಹಾಕುವ ಮುಂಚೆ ಹಿಡಿ ಕಚ್ಚಿನಲ್ಲಿ ಕೂತಿದೆಯೇ ಎಂದು ಮುಟ್ಟಿ ನೋಡಿ. ಗ್ರೇಡ್, ಅಳತೆ ಕಾರಿನ ಜತೆ ಬಂದ ಪುಸ್ತಕದಲ್ಲಿದ್ದಷ್ಟೇ. ಹೆಚ್ಚು ಹಾಕಿದರೆ ಒಳಗೆ ನೊರೆ ಬರುತ್ತದೆ, ಅತಿಯಾದರೆ ಅಮೃತವೂ ವಿಷ.

ಈಗ ಇಳಿಸಿದ ಆಯಿಲ್ ಎಲ್ಲಿ ಹೋಯಿತು ಹೇಳಿ. ತೋಡಿಗೆ ಸುರಿದಿರಾ? ಗೆದ್ದಲಿಗೆ ಒಳ್ಳೆಯದೆಂದು ಬೇಲಿ ಕಂಬಕ್ಕೆ ಬಳಿದಿರಾ? ನಮ್ಮ ಮುರಕಲ್ಲು ನೆಲ ತೂತು ತೂತು, ಇಲ್ಲಿ ಸುರಿದದ್ದು ಬಾವಿಯ ದಾರಿ ಹಿಡಿಯಲು ತಡವಿಲ್ಲ. ತೋಡಿಗೆ ಬಿದ್ದದ್ದು ನೇತ್ರಾವತಿಗೆ. ಅದೇ ನೀರನ್ನು ತುಂಬೆ ಅಣೆಕಟ್ಟಿನಲ್ಲಿ ನಿಲ್ಲಿಸಿ ಮಂಗಳೂರಿನವರು ಕುಡಿಯುತ್ತಾರೆ. ಬಳಸಿದ ಆಯಿಲ್ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ, ಚರ್ಮಕ್ಕೂ ಒಳ್ಳೆಯದಲ್ಲ, ಕೈಗವಸು ಹಾಕಿಕೊಳ್ಳಿ. ಅದನ್ನು ಸಂಸ್ಕರಿಸಿ ಮತ್ತೆ ಬಳಸಲು ಬರುತ್ತದೆ. ಹಾಗಾಗಿ ನೀರು, ಕೂಲಂಟ್, ಸೀಮೆ‌ಎಣ್ಣೆ ಏನನ್ನೂ ಬೆರೆಸದೆ, ಹೊಸ ಆಯಿಲ್ ಬಂದ ಕ್ಯಾನಿಗೇ ತುಂಬಿ, ಮೇಲೆ ಹೆಸರು ಬರೆದಿಡಿ. ಜ್ಯೂಸಿನ ಬಾಟಲಿಗೆ ತುಂಬಿಟ್ಟೀರಿ ಜೋಕೆ, ಮನೆಯಲ್ಲಿ ಮಕ್ಕಳಿದ್ದಾರೆ. ಹಳೇ ಆಯಿಲನ್ನು ಪರವಾನಗಿ ಇರುವವರಿಗೆ ಕೊಡುವ ಗ್ಯಾರೇಜ್ ಯಾವುದೆಂದು ಕೇಳಿ ತಿಳಿದುಕೊಂಡು, ಮುಂದಿನ ಸಲ ಪೇಟೆಗೆ ಹೋಗುವಾಗ ಕ್ಯಾನನ್ನು ಡಿಕ್ಕಿಯಲ್ಲಿ ನೆಟ್ಟಗೆ ನಿಲ್ಲಿಸಿ ಕೊಂಡುಹೋಗಿ ಕೊಟ್ಟು ಬನ್ನಿ.